ಪೂಜೆಗೆ ಕೂತ ಡಬ್ಬಿ

ಜಯಲಕ್ಷ್ಮಮ್ಮನವರ ಸೊಂಟದಲ್ಲಿ ಬೀಗದ ಕೈಗೊಂಚಲು ಇರಬೇಕಾದ ಜಾಗದಲ್ಲಿ ಒಂದು ರೇಷ್ಮೆ ಚೀಲ ಇರುತ್ತದೆ. ಅಡ್ಯಾರಿನ ಅವರ ಬೀದಿಯಲ್ಲಿ ಹೂ ಮಾರುವವಳಿಂದ ಹಿಡಿದು ಔಷಧಿ ಅಂಗಡಿಯವರವರೆಗೆ ಎಲ್ಲರಿಗೂ ಅದು ಗೊತ್ತು. ಒಳಗಿರುವುದು ದುಡ್ಡಲ್ಲ, ಎಲೆ ಅಡಿಕೆಯಲ್ಲ, ನಶ್ಯವಂತೂ ಅಲ್ಲವೇ ಅಲ್ಲ. ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಡಿಕ್ಷನರಿ. ಕನ್ನಡಕದ ಪೆಟ್ಟಿಗೆಯ ಹಾಗೆ ಬಾಯಿ ತೆರೆಯುತ್ತದೆ. ಮೇಲೆ ಬೂದು ಬಣ್ಣದ ಪರದೆ, ಕೆಳಗೆ ಕಡಲೆಬೇಳೆ ಗಾತ್ರದ ಕೀಲಿಗಳು. ಪದ ಒತ್ತಿದರೆ ಅರ್ಥ ಬರುತ್ತದೆ. ಮೂಲೆಯ ಗುಂಡಿ ಒತ್ತಿದರೆ ಒಳಗಿರುವ ಒಬ್ಬ ಹೆಂಗಸು ಆ ಪದವನ್ನು ಸ್ವಲ್ಪ ಮೂಗಿನಲ್ಲೇ ಹೇಳಿ ತೋರಿಸುತ್ತಾಳೆ. ಮನೆಯಲ್ಲಿ ಇದರ ಹೆಸರು ಡಬ್ಬಿ.

ಡಬ್ಬಿ ಇಲ್ಲದೆ ಜಯಲಕ್ಷ್ಮಮ್ಮ ಒಂದು ಕಾಗದವನ್ನೂ ಮುಟ್ಟುವುದಿಲ್ಲ. ಮಾತ್ರೆಯ ಪೆಟ್ಟಿಗೆಯಲ್ಲಿ ಎಂಟು ಮಡಿಕೆ ಮಾಡಿ ತುರುಕಿರುವ ಚೀಟಿಯನ್ನು ಈ ಜಗತ್ತಿನಲ್ಲಿ ಪೂರ್ತಿ ಓದುವವರು ಅವರೊಬ್ಬರೇ ಇರಬೇಕು. ವಾಷಿಂಗ್ ಮಷೀನಿನ ವಾರಂಟಿ, ಬ್ಯಾಂಕಿನ ಸುತ್ತೋಲೆ, ಮದುವೆ ಕರೆಯೋಲೆ, ಯಾವುದನ್ನೂ ಬಿಡುವುದಿಲ್ಲ. ಹೋದ ಬೇಸಿಗೆಯಲ್ಲಿ ಕಟ್ಟಡದ ಸಂಘದವರು ನೀರು ‘ಇಂಟರ್ಮಿಟೆಂಟ್’ ಆಗಿ ಬರುತ್ತದೆ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ್ದರು. ನೀರು ಬರುತ್ತದೆ ಎಂದು ಓದಿಕೊಂಡು ನಾಲ್ಕೂ ಮಹಡಿಯವರು ನೆಮ್ಮದಿಯಾಗಿ ಹೋದರು. ಜಯಲಕ್ಷ್ಮಮ್ಮ ಮಾತ್ರ ಲಿಫ್ಟಿನ ಮುಂದೆಯೇ ಡಬ್ಬಿ ತೆಗೆದು, ‘ಬಿಟ್ಟು ಬಿಟ್ಟು’ ಎಂಬ ಅರ್ಥ ನೋಡಿ, ಮನೆಗೆ ಓಡಿ, ಸಿಕ್ಕ ಸಿಕ್ಕ ಪಾತ್ರೆಗೆಲ್ಲ ನೀರು ಹಿಡಿದಿಟ್ಟರು. ಮರುದಿನ ಬೆಳಗ್ಗೆ ಇಡೀ ಕಟ್ಟಡ ಚೊಂಬು ಹಿಡಿದು ಅವರ ಬಾಗಿಲಿಗೆ ಬಂದು ನಿಂತಿತ್ತು.

ಫೋನಿನಲ್ಲೇ ನೋಡಬಹುದಲ್ಲ ಎಂದು ಮೊಮ್ಮಗಳು ವೃಂದಾ ನೂರು ಸಲ ಹೇಳಿದ್ದಾಳೆ. ನೋಡಬಹುದು. ಆದರೆ ಫೋನಿನಲ್ಲಿ ಪದ ಹುಡುಕಲು ಹೋದರೆ ಮೊದಲು ಸೀರೆಯ ಜಾಹೀರಾತು ಬರುತ್ತದೆ, ಆಮೇಲೆ ಯಾರೋ ಕಳಿಸಿದ ಶುಭೋದಯದ ಗುಲಾಬಿ, ಆಮೇಲೆ ತಂಗಿಯ ವಿಡಿಯೋ ಕರೆ. ಮುಕ್ಕಾಲು ಗಂಟೆ ಕಳೆದ ಮೇಲೆ ಹುಡುಕ ಹೊರಟ ಪದ ಯಾವುದೆಂದೇ ನೆನಪಿರುವುದಿಲ್ಲ. ಡಬ್ಬಿಗೆ ಅಂಥ ಚಪಲವಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ.

ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಬಾಯಿ ಮುಚ್ಚಿಕೊಳ್ಳುವುದು ಎಂಥ ದೊಡ್ಡ ಗುಣ ಎಂಬುದು ಕಮಲಾಕರ ರಾಯರ ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಹನ್ನೊಂದು ವರ್ಷದ ಹಿಂದಿನವರೆಗೆ ಆ ಮನೆಯ ಡಿಕ್ಷನರಿ ರಾಯರೇ ಆಗಿದ್ದರು. ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಪತ್ರ ಬರೆದು ನಿವೃತ್ತರಾದವರು. ಜಯಲಕ್ಷ್ಮಮ್ಮನವರದು ತಿರುವಲ್ಲಿಕ್ಕೇಣಿಯ ತಮಿಳು ಶಾಲೆಯ ಹತ್ತನೇ ಕ್ಲಾಸು. ಮನೆಯಲ್ಲಿ ಆಡುವುದಕ್ಕೆ ಕನ್ನಡ, ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟು. ಮದುವೆಯಾದ ಮೇಲೆ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪೇಪರಿನ ಹುಚ್ಚು ಹಿಡಿಯಿತು. ಎರಡು ಸಾಲಿಗೊಂದು ಪದ ಅಡ್ಡ ಬರುತ್ತಿತ್ತು.

"ಅಂದ್ರೆ... ಇದಕ್ಕೇನು ಅರ್ಥ?" ಎಂದು ಕೇಳಿದರೆ ಸಾಕು, ರಾಯರು ಕಾಫಿ ಲೋಟ ಕೆಳಗಿಡುತ್ತಿದ್ದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು. "ಅರ್ಥ ಇರ್ಲಿ ಕಣೇ. ಮೊದ್ಲು ಅದರ ಹಿನ್ನೆಲೆ ತಿಳ್ಕೋ" ಎನ್ನುತ್ತಿದ್ದರು. ಹಿನ್ನೆಲೆ ಗ್ರೀಸಿನಲ್ಲಿ ಹುಟ್ಟಿ, ರೋಮಿನಲ್ಲಿ ಬೆಳೆದು, ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ರಾಯರ ಕಚೇರಿಯ ಯಾವುದೋ ಫೈಲಿಗೆ ಬಂದು ಸೇರುವಷ್ಟರಲ್ಲಿ ಒಲೆಯ ಮೇಲಿನ ಒಗ್ಗರಣೆ ಕರಕಲಾಗಿರುತ್ತಿತ್ತು. ಒಮ್ಮೆ ಒಂದೇ ಒಂದು ಪದಕ್ಕೆ ಒಂದು ಲೀಟರ್ ಹಾಲು ಉಕ್ಕಿಹೋಯಿತು. ಹಾಲು ಹೋದರೆ ಹೋಯಿತು. ಆ ಪಾಠ ಕೇಳುತ್ತ ನಿಂತಾಗ ತಾನು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯಷ್ಟು ಚಿಕ್ಕವಳಾಗಿಬಿಡುತ್ತೇನಲ್ಲ, ಅದು ಅವರಿಗೆ ಆಗುತ್ತಿರಲಿಲ್ಲ.

ಮಗ ಸುಘೋಷ ಕಂಪನಿ ಕೆಲಸಕ್ಕೆಂದು ಸಿಂಗಾಪುರಕ್ಕೆ ಹೋದವನು ಅಮ್ಮನಿಗೆ ಈ ಡಬ್ಬಿ ತಂದುಕೊಟ್ಟ. ಮೊದಲ ದಿನವೇ ಜಯಲಕ್ಷ್ಮಮ್ಮ ಎಂಬತ್ತು ಪದ ನೋಡಿದರು. ಅಂದು ಮಧ್ಯಾಹ್ನ ಅಡುಗೆಯೇ ಆಗಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಗಂಡನಿಗೆ ಹೇಳಿದರು: "ಇನ್ಮೇಲೆ ನಿಮ್ಮನ್ನ ಒಂದು ಪದಾನೂ ಕೇಳಲ್ಲ. ನೀವು ನಿಮ್ಮ ಪೇಪರ್ ನಿಮ್ಪಾಡಿಗೆ ಓದ್ಕೊಳಿ."

"ಶರಿ. ಒಳ್ಳೇದೇ ಆಯ್ತು" ಎಂದರು ರಾಯರು, ಪೇಪರಿನಿಂದ ತಲೆಯೆತ್ತದೆ. ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷ ಜಯಲಕ್ಷ್ಮಮ್ಮ ಕೇಳಲಿಲ್ಲ.

ಡಬ್ಬಿ ಮಡಿಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ರಾಯರ ಮುಂದೆ ಹೋಯಿತು, ಏಕೆಂದರೆ ಆಚಾರದ ಮಾತಿನಲ್ಲಿ ಅವರದೇ ಕೊನೆಯ ತೀರ್ಪು. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಪ್ಲಾಸ್ಟಿಕ್ಕಿಗೆ ದೋಷವಿಲ್ಲ, ಆದರೆ ಅದರ ಜೊತೆ ಬಂದ ಚೀಲ ತೊಗಲಿನದು, ಅದು ಅಡುಗೆಮನೆಗೆ ಬರಕೂಡದು ಎಂದರು. ಜಯಲಕ್ಷ್ಮಮ್ಮ ತಮ್ಮ ಮದುವೆಯ ಸೀರೆಯ ಕುಪ್ಪಸ ಬಿಚ್ಚಿ, ಅದರ ರೇಷ್ಮೆಯಲ್ಲಿ ಚೀಲ ಹೊಲಿದರು. ಅಂದಿನಿಂದ ಡಬ್ಬಿ ಮಡಿಯಲ್ಲೂ ಇತ್ತು, ಸೊಂಟದಲ್ಲೂ ಇತ್ತು.

ಇನ್ನು ಈ ವರ್ಷದ ನವರಾತ್ರಿಯ ವಿಷಯ. ಅವರ ಬೀದಿಯಲ್ಲಿ ವಿಷ್ಣುಮೂರ್ತಿ ಎಂಬ ನಿವೃತ್ತ ಮೇಷ್ಟರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗಾಗಿ ಒಂದು ಓದುಮನೆ ನಡೆಸುತ್ತಾರೆ. ಬಾಗಿಲಲ್ಲಿ ಒಂದು ಬಿದಿರಿನ ಬುಟ್ಟಿ; ದೊಡ್ಡವರಾಗಲಿ ಚಿಕ್ಕವರಾಗಲಿ ಫೋನನ್ನು ಅದರಲ್ಲಿ ಹಾಕಿಯೇ ಒಳಗೆ ಕಾಲಿಡಬೇಕು. ವಿಜಯದಶಮಿಯ ಬೆಳಗ್ಗೆ ಹತ್ತಕ್ಕೆ ಯಾರಾದರೊಬ್ಬ ಹಿರಿಯರು ಮಕ್ಕಳಿಗೆ ಇಂಗ್ಲಿಷ್ ಕಥೆ ಓದಿ ಹೇಳುವುದು ಅಲ್ಲಿಯ ಪದ್ಧತಿ. ಈ ಸಲ ಮೇಷ್ಟರು ಬಂದು ಜಯಲಕ್ಷ್ಮಮ್ಮನವರನ್ನೇ ಕೇಳಿದರು. "ಆಗ್ಲಿ" ಎಂದು ಬಾಯಿಂದ ಬಂದೇಹೋಯಿತು. ಅರವತ್ತನಾಲ್ಕು ವರ್ಷಕ್ಕೆ ಒಂದು ದಿನವಾದರೂ ಅವರು ನಾಲ್ಕು ಜನರ ಮುಂದೆ ಇಂಗ್ಲಿಷನ್ನು ಗಟ್ಟಿಯಾಗಿ ಓದಿದವರಲ್ಲ.

"ನೀನಾ?" ಎಂದರು ಕಮಲಾಕರ ರಾಯರು.

ಅವರು ಆಶ್ಚರ್ಯದಿಂದ ಕೇಳಿದರೋ ಕುಹಕದಿಂದ ಕೇಳಿದರೋ ದೇವರಿಗೇ ಗೊತ್ತು. ಜಯಲಕ್ಷ್ಮಮ್ಮನವರಿಗೆ ಮಾತ್ರ ಅದು ಮುಳ್ಳಾಗಿ ನೆಟ್ಟಿತು. "ನಾನೇ. ಮತ್ತೆ ನೋಡ್ತಾ ಇರಿ, ನಿಮ್ಮನ್ನ ಒಂದು ಅಕ್ಷರ ಕೇಳಿದ್ರೆ ಕೇಳಿ" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಆಗಿಂದ ಅದು ಬರೀ ಮಕ್ಕಳ ಕಥೆಯಾಗಿ ಉಳಿಯಲಿಲ್ಲ. ಗಂಡನ ಸಹಾಯವಿಲ್ಲದೆ, ಗಂಡನ ಮುಂದೆಯೇ, ತಪ್ಪಿಲ್ಲದೆ ಓದಿ ಮುಗಿಸಬೇಕು. ಹಾಗೆ ಮಾಡಲಾಗದಿದ್ದರೆ ಹನ್ನೊಂದು ವರ್ಷದ ಪ್ರತಿಜ್ಞೆ ನೀರಿಗೆ ಹೋದಂತೆ.

ಕಥೆ ಹದಿನಾರೇ ಪುಟ. ಒಂದು ಬಾತುಕೋಳಿ ಹಡಗು ಹತ್ತಿ, ಸೋಮಾರಿ ನಾವಿಕರಿಗೆಲ್ಲ ಬುದ್ಧಿ ಕಲಿಸಿ, ಕೊನೆಗೆ ತಾನೇ ಕಪ್ತಾನನಾಗುತ್ತದೆ. ಓದಿ ಓದಿ ಜಯಲಕ್ಷ್ಮಮ್ಮನವರಿಗೆ ಬಾಯಿಪಾಠವಾಯಿತು. ಹದಿನಾಲ್ಕು ಪದಗಳು ಮಾತ್ರ ನಾಲಿಗೆಗೆ ಬಗ್ಗಲಿಲ್ಲ. ಹಡಗಿಗೆ ಸೇರಿದ ಪದಗಳು ಮದುವೆಮನೆಯ ಹಾಗೆ. ಎಷ್ಟೋ ಅಕ್ಷರಗಳು ಒಂದು ಕೆಲಸವನ್ನೂ ಮಾಡದೆ ಸುಮ್ಮನೆ ಬಂದು ಸಾಲಾಗಿ ಕೂತುಬಿಟ್ಟಿರುತ್ತವೆ. ಅವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕೊಲು ಗೊಂಬೆ ಜೋಡಿಸಿ, ಬಂದವರಿಗೆಲ್ಲ ಕಡಲೆ ಸುಂಡಲ್ ಕೊಟ್ಟು ಕೈ ಬಿಡುವಾದ ಮೇಲೆ, ಕೊನೆಯ ಮೂರು ದಿನ ಡಬ್ಬಿಯ ಹೆಂಗಸಿನ ಜೊತೆ ಕೂತು ಕಲಿತರಾಯಿತು ಎಂದುಕೊಂಡರು.

ಸಪ್ತಮಿಯ ದಿನ ಮೂಲಾ ನಕ್ಷತ್ರ. ಆ ಮನೆಯಲ್ಲಿ ಅಂದು ಪುಸ್ತಕಗಳನ್ನು ಸರಸ್ವತಿಯ ಮುಂದೆ ಪೂಜೆಗೆ ಇಡುತ್ತಾರೆ. ಇಟ್ಟ ಮೇಲೆ ದಶಮಿಯ ದಿನ ವಿಸರ್ಜನೆ ಆಗುವವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ, ಬೇರೆ ಪುಸ್ತಕವನ್ನೂ ಓದುವಂತಿಲ್ಲ; ಡಬ್ಬಿ ಪುಸ್ತಕವಲ್ಲ ಎಂಬುದು ಜಯಲಕ್ಷ್ಮಮ್ಮನವರ ಲೆಕ್ಕ. ಜಯಲಕ್ಷ್ಮಮ್ಮ ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ಮಣೆಯ ಮೇಲೆ ಪುಸ್ತಕ ಪೇರಿಸಿದರು. ಕೆಳಗೆ ರಾಯರ ಗ್ರಂಥಗಳು, ಅದರ ಮೇಲೆ ವೃಂದಾಳ ಗಣಿತ, ಅದರ ಮೇಲೆ ಬಾತುಕೋಳಿ. ಧೂಪದ ಹೊಗೆ, ಮಲ್ಲಿಗೆಯ ವಾಸನೆ, ರಾಯರ ಮಂತ್ರ. ಜಯಲಕ್ಷ್ಮಮ್ಮನವರಿಗೆ ಭಕ್ತಿ ಉಕ್ಕಿ ಬಂತು. ನನಗೆ ವಿದ್ಯೆ ಕೊಟ್ಟದ್ದು ಯಾವುದು ಎಂದುಕೊಂಡು ಸೊಂಟದ ಚೀಲ ಬಿಚ್ಚಿ, ಡಬ್ಬಿಯನ್ನು ಎಲ್ಲದರ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಕಣ್ಣೊರೆಸಿಕೊಂಡು ನಮಸ್ಕಾರ ಮಾಡಿದರು.

ಮಧ್ಯಾಹ್ನ ಊಟವಾಗಿ, ಚೀಟಿ ತೆಗೆದುಕೊಂಡು, ಕಾಲು ಚಾಚಿ ಕೂತು, ಸೊಂಟಕ್ಕೆ ಕೈ ಹಾಕಿದರು. ಸೊಂಟ ಖಾಲಿ!

"ಅಯ್ಯಯ್ಯೋ!" ಎಂದು ಅವರು ಕೂಗಿದ ಕೂಗಿಗೆ, ಅಡಿಗಡಿಗೆ ತಮಿಳಿಗೆ ಜಾರುವ ವೃಂದಾ ಓಡಿ ಬಂದು ಏನಾಯ್ತು ಅಜ್ಜಿ ಎಂದಳು. "ಎನ್ನಾಚ್ಚು ಪಾಟಿ?"

"ಡಬ್ಬೀನ ಪೂಜೆಗೆ ಇಟ್ಬಿಟ್ಟೆ ಕಣೇ! ನನ್ ಕೈಯಾರೆ! ಕುಂಕುಮ ಬೇರೆ ಹಚ್ಚಿ!"

ಹತ್ತು ವರ್ಷದ ವೃಂದಾ ಬಿದ್ದು ಬಿದ್ದು ನಕ್ಕಳು. ಅಜ್ಜಿಗೂ ನಗು ತಡೆಯಲಾಗಲಿಲ್ಲ. ದಶಮಿಯ ದಿನ ಒಂಬತ್ತೂವರೆಗೆ ವಿಸರ್ಜನೆ, ಹತ್ತಕ್ಕೆ ಓದು. ನಡುವೆ ಇರುವುದು ಅರ್ಧ ಗಂಟೆ, ಅದರಲ್ಲೇ ಸೀರೆ ಉಡಬೇಕು, ಹೋಗಿ ಸೇರಬೇಕು.

"ಫೋನ್ಲ ಪಾರುಂಗೊ ಪಾಟಿ" ಎಂದಳು ವೃಂದಾ. ಡಬ್ಬಿಯೇ ಪೂಜೆಗೆ ಕೂತ ಮೇಲೆ ಫೋನಿನಲ್ಲಿ ಪದ ನೋಡುವುದೂ ಓದೇ ಅಲ್ಲವೇ? ತೀರ್ಪಿಗಾಗಿ ರಾಯರತ್ತ ನೋಡಿದರೆ ಅವರು ಸೋಫಾದಲ್ಲಿ ಒರಗಿ ಫೋನನ್ನೇ ಉಜ್ಜುತ್ತಿದ್ದರು.

"ಪದ ನೋಡೋದು ಅಧ್ಯಯನ. ಕೂಡದು" ಎಂದರು.

"ನೀವೀಗ ಮಾಡ್ತಿರೋದು?"

"ಇದು ವಾಟ್ಸಾಪು. ಇದರಲ್ಲಿ ವಿದ್ಯೆ ಎಲ್ಲಿದೆ, ದೋಷ ಬರೋದಕ್ಕೆ?"

ಪುಸ್ತಕ ಮುಟ್ಟದೆ, ಪರದೆ ನೋಡದೆ, ಬಾಯಲ್ಲಿ ಕೇಳಿ ತಿಳಿದುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹಾಗಾಗಿ ವೃಂದಾಳನ್ನೇ ಕೂರಿಸಿಕೊಂಡರು. ಅವಳು ಹದಿನಾಲ್ಕರಲ್ಲಿ ಒಂಬತ್ತನ್ನು ಹೇಳಿಕೊಟ್ಟಳು. "ಉಳಿದ ಐದು ನಮ್ಮ ಸ್ಕೂಲ್ಲ ಇನ್ನೂ ವರಲೆ ಪಾಟಿ. ತಾತನ ಕೇಳಿ" ಎಂದಳು.

ತಾತನನ್ನು ಕೇಳುವುದೊಂದನ್ನು ಬಿಟ್ಟು ಬೇರೇನನ್ನು ಬೇಕಾದರೂ ಮಾಡಲು ಅಜ್ಜಿ ತಯಾರಿದ್ದರು. ಒಂಬತ್ತು ಪದ ಹೊಡೆದುಹಾಕಿದ ಚೀಟಿ ಮತ್ತೆ ಫ್ರಿಜ್ಜಿನ ಬಾಗಿಲು ಸೇರಿತು. ರಾಯರು ದಿನಕ್ಕೆ ನಾಲ್ಕು ಸಲ ಮಜ್ಜಿಗೆಗೆ ಫ್ರಿಜ್ ತೆರೆಯುವವರು. ಚೀಟಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಈಗ ಹಿನ್ನೆಲೆ ಶುರುವಾಗುತ್ತದೆ ಎಂದು ಜಯಲಕ್ಷ್ಮಮ್ಮ ಕಿವಿ ನಿಮಿರಿಸಿ ಕಾದರೆ, ಇಲ್ಲ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಅಷ್ಟಮಿಯ ಸಂಜೆ ಜಯಲಕ್ಷ್ಮಮ್ಮನವರ ಸಂಕಲ್ಪ ಸ್ವಲ್ಪ ಅಲುಗಾಡಿತು. "ಅಂದ್ರೆ..." ಎಂದು ಬಾಯಿ ತೆರೆದರು.

ರಾಯರು ಥಟ್ಟನೆ ತಲೆಯೆತ್ತಿದರು. "ಏನು? ಏನಾದ್ರೂ ಕೇಳ್ಬೇಕಿತ್ತಾ?"

"ಕಾಫಿ ಬೇಕಾ ಅಂತ" ಎಂದರು ಜಯಲಕ್ಷ್ಮಮ್ಮ. ರಾಯರ ಮುಖ ಜೋತುಬಿತ್ತು.

ನವಮಿಯ ಮಧ್ಯಾಹ್ನ ಮೂರನೇ ಮಹಡಿಯ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ವೃಂದಾಳನ್ನು ಕರೆದುಕೊಂಡು ಹೊರಟ ಜಯಲಕ್ಷ್ಮಮ್ಮ, ಅವರಿಗೆ ಕೊಡಬೇಕಾದ ರವಿಕೆ ಬಟ್ಟೆ ಮರೆತು, ಮಗುವನ್ನು ಅಲ್ಲೇ ಬಿಟ್ಟು ವಾಪಸು ಬಂದರು. ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು. ಒಳಗೆ ಕಾಲಿಟ್ಟವರು ಹಾಗೇ ನಿಂತರು. ದೇವರ ಕೋಣೆಯಿಂದ ಇಂಗ್ಲಿಷ್ ಕೇಳಿಸುತ್ತಿತ್ತು, ಹೆಂಗಸಿನ ದನಿಯಲ್ಲಿ, ಸ್ವಲ್ಪ ಮೂಗಿನಲ್ಲಿ.

ಸರಸ್ವತಿಯೇ ಮಾತಾಡುತ್ತಿದ್ದಾಳೆ ಎಂದು ಒಂದು ಗಳಿಗೆ ಮೈ ಜುಮ್ಮೆಂದಿತು. ಮೆಲ್ಲಗೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದರು. ಕಮಲಾಕರ ರಾಯರು ಮಡಿಯ ಮಗುಟ ಉಟ್ಟು, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತ, ದೇವರ ಮುಂದೆ ಕೂತಿದ್ದರು. ಒಂದು ಕೈಯಲ್ಲಿ ಫ್ರಿಜ್ಜಿನ ಚೀಟಿ. ಇನ್ನೊಂದು ಕೈಯಲ್ಲಿ ಕುಂಕುಮ ಹಚ್ಚಿಸಿಕೊಂಡ ಡಬ್ಬಿ, ಕಿವಿಗೆ ಒತ್ತಿ ಹಿಡಿದಿದ್ದರು. ಡಬ್ಬಿಯ ಹೆಂಗಸು ಒಂದು ಪದ ಹೇಳಿದರೆ ರಾಯರು ಕಣ್ಣು ಮುಚ್ಚಿ, ಬಾಲವಾಡಿಯ ಮಗುವಿನ ಹಾಗೆ ಅದನ್ನೇ ತಿರುಗಿ ಹೇಳುತ್ತಿದ್ದರು. ಒಂದು ಪದ ಬಾಯಿಗೆ ಬರಲೇ ಇಲ್ಲ. ಮತ್ತೆ ಒತ್ತಿದರು. ಮತ್ತೆ ಹೇಳಿದರು. ನಾಲ್ಕನೇ ಸಲಕ್ಕೆ ಸರಿಹೋದಾಗ ತೊಡೆ ತಟ್ಟಿಕೊಂಡರು.

ವಾಟ್ಸಾಪಿಗೂ ಧರ್ಮಶಾಸ್ತ್ರ ಹೇಳಿದ ಮನುಷ್ಯ ಇವರೇನಾ? ಜಯಲಕ್ಷ್ಮಮ್ಮ ಸೆರಗಿನ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ನಗು ಹೊಟ್ಟೆಯೊಳಗೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಅಷ್ಟರಲ್ಲಿ ರಾಯರು ಡಬ್ಬಿಯನ್ನು ರೇಷ್ಮೆ ಚೀಲಕ್ಕೆ ಸೇರಿಸಿ, ಇದ್ದಲ್ಲೇ ಇಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡರು.

"ತಪ್ಪಾಯ್ತಮ್ಮ, ಕ್ಷಮಿಸ್ಬಿಡು. ಐದೇ ಪದ. ನಂಗೂ ಗೊತ್ತಿರ್ಲಿಲ್ಲ. ಅವಳು ಕೇಳಲ್ಲ ಅಂದಿದಾಳೆ... ಆದ್ರೂ ಒಂದು ವೇಳೆ ಕೇಳಿಬಿಟ್ರೆ?"

ಜಯಲಕ್ಷ್ಮಮ್ಮನವರ ನಗು ಅಲ್ಲಿಗೆ ನಿಂತಿತು. ತುದಿಗಾಲಲ್ಲಿ ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ಊರಿಗೆಲ್ಲ ಕೇಳುವಂತೆ ಕರೆಗಂಟೆ ಒತ್ತಿದರು. ಬಾಗಿಲು ತೆರೆದ ರಾಯರನ್ನು ಯಾಕೆ ಈ ಹೊತ್ತಿನಲ್ಲಿ ಸ್ನಾನ ಎಂದೂ ಕೇಳಲಿಲ್ಲ.

ದಶಮಿಯ ಬೆಳಗ್ಗೆ ವಿಸರ್ಜನೆ ಮುಗಿದದ್ದೇ ವೃಂದಾ ಡಬ್ಬಿಯನ್ನು ಎತ್ತಿಕೊಂಡಳು. "ಪಾಟಿ, ಇದ್ರಲ್ಲಿ ಹಿಸ್ಟರಿ ಇರುತ್ತೆ, ತೆರಿಯುಮಾ? ನೋಡಿದ ಪದ ಎಲ್ಲಾ ಲಿಸ್ಟ್ ಆಗಿರುತ್ತೆ." ಹನ್ನೊಂದು ವರ್ಷ ಸೊಂಟದಲ್ಲಿಟ್ಟುಕೊಂಡು ತಿರುಗಿದರೂ ಜಯಲಕ್ಷ್ಮಮ್ಮನವರಿಗೆ ಅದು ಗೊತ್ತಿರಲಿಲ್ಲ. ವೃಂದಾ ಗುಂಡಿ ಒತ್ತಿದಳು. ಮೇಲ್ತುದಿಗೆ ನಿನ್ನೆಯ ಐದು ಪದ. ಕೆಳಗೆ ಇಳಿಯುತ್ತ ಹೋದರೆ ಮಾತ್ರೆಯ ಚೀಟಿಯ ಪದಗಳು, ಬ್ಯಾಂಕಿನ ಸುತ್ತೋಲೆಯ ಪದಗಳು, ಹೋದ ತಿಂಗಳು ಓದಿದ ಪತ್ತೇದಾರಿ ಕಾದಂಬರಿಯ ಪದಗಳು.

"ಏನು ಪಾಟಿ, ಒಂದೊಂದೂ ರೆಂಡು ತಡವೆ ನೋಡಿದೀರಾ? ಮರೆತುಹೋಗಿತ್ತಾ?"

ಪಟ್ಟಿಯಲ್ಲಿದ್ದ ನೂರು ಪದಗಳಲ್ಲಿ ಹೆಚ್ಚಿನವು ಎರಡೆರಡು ಸಲ ಇದ್ದವು. ಜಯಲಕ್ಷ್ಮಮ್ಮ ಒಂದು ಸಲ ನೋಡಿದ್ದು. ಅವರು ಸ್ನಾನಕ್ಕೆ ಹೋದಾಗಲೋ ಮಧ್ಯಾಹ್ನ ಮಲಗಿದಾಗಲೋ ಇನ್ಯಾರೋ ಅದೇ ಪದಗಳನ್ನು ಅದೇ ಸಾಲಿನಲ್ಲಿ ಮತ್ತೊಮ್ಮೆ ನೋಡಿದ್ದು. ಹೆಂಡತಿ ಏನು ಓದುತ್ತಿದ್ದಾಳೆಂದು ತಿಳಿದುಕೊಂಡು, ಕೇಳಿದರೆ ಹೇಳಲು ತಯಾರಾಗಿ ಕೂತ ಮನುಷ್ಯ. ಎಷ್ಟು ವರ್ಷದಿಂದಲೋ, ಯಾರಿಗೆ ಗೊತ್ತು. ಕೇಳಲಿಲ್ಲವಲ್ಲ ತಾನು ಎಂದು ಜಯಲಕ್ಷ್ಮಮ್ಮನವರಿಗೆ ಬಹಳ ಕೆಡುಕೆನಿಸಿತು. ಅದರ ಬೆನ್ನಿಗೇ ಅವರ ಮೈಗೆ ಹದಿನೆಂಟರ ಹುರುಪು ಬಂತು. ಐದು ಪದಗಳನ್ನೂ ಡಬ್ಬಿಯ ಹೆಂಗಸಿನ ಬಾಯಲ್ಲಿ ಒಂದೊಂದು ಸಲ ಕೇಳಿ ಗಟ್ಟಿ ಮಾಡಿಕೊಂಡು, ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯುಟ್ಟು ಹೊರಟರು.

ಓದುಮನೆಯಲ್ಲಿ ನಲವತ್ತು ಮಕ್ಕಳು. ಬಾಗಿಲಿನ ಬುಟ್ಟಿಯ ತುಂಬ ಫೋನು. ರಾಯರು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದರು. ಜಯಲಕ್ಷ್ಮಮ್ಮ ಪುಸ್ತಕ ಬಿಡಿಸಿದರು. ಮೊದಲ ಪುಟವನ್ನು ತಲೆಯೆತ್ತದೆ ಓದಿದರು. ಎರಡನೇ ಪುಟದಲ್ಲಿ ಬಾತುಕೋಳಿ ಅಡುಗೆಭಟ್ಟನ ಟೋಪಿಯೊಳಗೆ ಮೊಟ್ಟೆಯಿಟ್ಟಾಗ ಮಕ್ಕಳು ಹೋ ಎಂದು ನಕ್ಕರು, ಆಮೇಲೆ ಅಜ್ಜಿಯನ್ನು ಹಿಡಿಯುವವರಿಲ್ಲ. ಬಾತುಕೋಳಿಯ ಹಾಗೆ ಕತ್ತು ಕೊಂಕಿಸಿದರು, ಕಪ್ತಾನನ ಹಾಗೆ ಗುಡುಗಿದರು. ಹದಿಮೂರು ಪದಗಳು ಬಂದವು, ಹೋದವು, ಒಂದೂ ತಡೆಯಲಿಲ್ಲ. ಪ್ರತಿ ಸಲವೂ ಹಿಂದಿನ ಸಾಲಿನಲ್ಲಿ ರಾಯರು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು, ಮತ್ತೆ ಗೋಡೆಗೆ ಒರಗುತ್ತಿದ್ದರು.

ಕೊನೆಯ ಪುಟದಲ್ಲಿ ಹದಿನಾಲ್ಕನೆಯದು, ಹಡಗಿನ ಆಳುಗಳ ಮೇಸ್ತ್ರಿಗೆ ಹೇಳುವ, ‘ಬೋಟ್‌ಸ್ವೇನ್’ ಎಂದು ಬರೆಯುವ ಪದ. ನಿನ್ನೆ ರಾಯರು ನಾಲ್ಕು ಸಲ ಹೇಳಿ ತೊಡೆ ತಟ್ಟಿಕೊಂಡ ಪದ. ಅದು ಜಯಲಕ್ಷ್ಮಮ್ಮನವರ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಓದು ನಿಲ್ಲಿಸಿ, ಪುಸ್ತಕವನ್ನು ಎದೆಗೊತ್ತಿಕೊಂಡು, ಮಕ್ಕಳ ತಲೆಗಳಾಚೆ ನೋಡಿದರು.

"ಇದನ್ನ ಹೇಗೆ ಹೇಳೋದು ನಂಗೆ ಗೊತ್ತಾಗ್ತಿಲ್ಲ" ಎಂದರು. "ಅಂದ್ರೆ... ನೀವು ಸ್ವಲ್ಪ ಹೇಳ್ತೀರಾ?"

ಮುಂದೆ ಕೂತಿದ್ದ ವೃಂದಾ ಬಾಯಿ ತೆರೆದಳು; ಅಜ್ಜಿ ಕಣ್ಣು ಬಿಟ್ಟ ಕೂಡಲೇ ಮುಚ್ಚಿದಳು. ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಕಮಲಾಕರ ರಾಯರು ಗೋಡೆ ಹಿಡಿದು ಎದ್ದು ನಿಂತರು. ಕನ್ನಡಕ ತೆಗೆದರು. ಪಂಚೆಯ ತುದಿಯಲ್ಲಿ ಒರೆಸಿದರು. ಆಯಿತು, ಇನ್ನು ಗ್ರೀಸು, ರೋಮು, ವಿಮಾ ಕಚೇರಿ, ಮಕ್ಕಳಿಗೆ ಮಾಡಿಟ್ಟ ಕೇಸರಿಬಾತು ತಣ್ಣಗಾದ ಹಾಗೆಯೇ ಎಂದು ಜಯಲಕ್ಷ್ಮಮ್ಮ ತುಟಿ ಕಚ್ಚಿಕೊಂಡು ಕಾದರು.

ರಾಯರು ಕನ್ನಡಕ ಹಾಕಿಕೊಂಡರು. "ಬೋಸನ್" ಎಂದರು. ಅಷ್ಟೇ ಹೇಳಿ ಕೂತುಬಿಟ್ಟರು.

"ಬೋಸನ್!" ಎಂದು ನಲವತ್ತು ಮಕ್ಕಳು ಕೂಗಿದರು. ಕಥೆ ಮುಗಿಯಿತು, ಚಪ್ಪಾಳೆಯಾಯಿತು, ಕೇಸರಿಬಾತು ಬಿಸಿಯಾಗಿಯೇ ಸಿಕ್ಕಿತು.

ಮೈಲಾಪುರದ ತಂಗಿಯ ಮನೆಗೆ ಹಬ್ಬದ ಊಟಕ್ಕೆ ಹೋಗಲು ಮೂವರೂ ಆಟೋ ಹತ್ತಿದರು. ಹಿಂದಿನ ದಿನದ ಆಯುಧ ಪೂಜೆಯ ಬಾಳೆಕಂದು ಇನ್ನೂ ಎರಡೂ ಕಡೆ ಕಟ್ಟಿತ್ತು. ಗಾಳಿಗೆ ಎಲೆ ಬಂದು ಮುಖಕ್ಕೆ ಹೊಡೆಯುತ್ತಿತ್ತು, ಹೊಡೆದಾಗಲೆಲ್ಲ ವೃಂದಾ ಕಿರುಚಿ ನಗುತ್ತಿದ್ದಳು. ಅಡ್ಯಾರಿನ ಸೇತುವೆ ಹತ್ತಿದಾಗ ರಾಯರು ಒಂದು ಸಲ ಕೆಮ್ಮಿದರು.

"ಆ ಪದಕ್ಕೆ ಒಂದು ಹಿನ್ನೆಲೆ ಇದೆ ಕಣೇ. ಅಲ್ಲಿ ಮಕ್ಕಳ ಮುಂದೆ ಬೇಡ ಅಂತ..."

ಜಯಲಕ್ಷ್ಮಮ್ಮ ಸೊಂಟದ ರೇಷ್ಮೆ ಚೀಲದ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದರು. ಗಂಡನ ಕಡೆಗೆ ಪೂರ್ತಿ ತಿರುಗಿ ಕೂತರು.

"ಹೇಳಿ" ಎಂದರು.